ಲೈನ್ ಮನೆಯ ನಕ್ಷೆ ಬರೆದವರು ಯಾರು?

ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪಂಗೆ ಹೋಗುವ ರೈಲುದಾರಿಯ ಉದ್ದ ಬರೀ 16 ಕಿಲೋಮೀಟರು. 1894ರಲ್ಲಿ ತೆರೆದ ದಾರಿ. ಇಷ್ಟು ಚಿಕ್ಕ ದಾರಿಯಲ್ಲಿ ಕೋರಮಂಡಲ, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ಒಂದರ ಬೆನ್ನಿಗೆ ಇನ್ನೊಂದು ನಿಲ್ದಾಣ. ಊರಿಗಾಂ, ಮಾರಿಕುಪ್ಪಂ ಎರಡೂ ಹಳೆಯ ಹಳ್ಳಿಗಳು. ಉಳಿದೆರಡು ಊರ ಹೆಸರುಗಳೇ ಅಲ್ಲ. ಕೋರಮಂಡಲ ಎಂಬುದು ಒಂದು ಗಣಿ ಕಂಪನಿಯದು. ಚಾಂಪಿಯನ್ ಎಂಬುದು ನೆಲದೊಳಗಿನ ಚಿನ್ನದ ಎಳೆಯೊಂದರದು. ಆಮೇಲೆ ಸೇರಿಕೊಂಡ ಬೆಮೆಲ್ ನಗರ ನಿಲ್ದಾಣವೂ ಕಾರ್ಖಾನೆಯ ಹೆಸರನ್ನೇ ಹೊತ್ತಿದೆ. ರೈಲಿನಲ್ಲಿ ಕೂತು ಫಲಕಗಳನ್ನು ಓದುತ್ತಾ ಹೋದರೆ ಊರಿನ ಚರಿತ್ರೆಯ ಅರ್ಧ ಭಾಗ ಓದಿದ ಹಾಗೆಯೇ.

ನಮ್ಮ ಕಡೆಯ ಹಳೆಯ ಊರುಗಳಿಗೆ ಒಂದು ನಡು ಇರುತ್ತದೆ. ಕೋಲಾರವನ್ನೇ ನೋಡಿ: ಕೋಲಾರಮ್ಮನ ಗುಡಿ, ಸೋಮೇಶ್ವರ ದೇವಾಲಯ, ಕೆರೆ, ಪೇಟೆ. ಊರು ಬೆಳೆದಂತೆಲ್ಲ ಇವುಗಳ ಸುತ್ತ ಸುತ್ತುತ್ತಾ ಬೆಳೆಯಿತು. ಕೋಲಾರದಿಂದ ಸುಮಾರು 30 ಕಿಲೋಮೀಟರು ದೂರದ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ, ಅಂದರೆ ಎಲ್ಲರ ಬಾಯಲ್ಲಿ ಕೆ.ಜಿ.ಎಫ್. ಆಗಿರುವ ಊರಿಗೆ, ಇಂಥ ನಡುವೇ ಇಲ್ಲ. ಅದು ಉತ್ತರ–ದಕ್ಷಿಣವಾಗಿ ಎಳೆದ ಪಟ್ಟಿ. ಭೂಮಿಯೊಳಗೆ ಚಿನ್ನವಿದ್ದ ಬೆಣಚುಕಲ್ಲಿನ ಪಟ್ಟೆ ಹಾಗೆಯೇ ಉತ್ತರ–ದಕ್ಷಿಣವಾಗಿ ಸುಮಾರು 8 ಕಿಲೋಮೀಟರು ಹರಿದಿದೆ. ಮೇಲಿನ ಊರು ಕೆಳಗಿನ ಕಲ್ಲಿನ ನೆರಳಿನಂತೆ ಚಾಚಿಕೊಂಡಿತು.

ಕಟ್ಟಡ, ಬೀದಿ, ಉಪಕರಣ ಇವುಗಳ ರೂಪ ಯಾರೋ ಒಬ್ಬ ಎಂಜಿನಿಯರನ ತಲೆಯಿಂದ ನೇರ ಕಾಗದಕ್ಕಿಳಿಯುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಆ ಎಂಜಿನಿಯರನ ಕೈಯನ್ನು ನೆಲವೂ ಹಿಡಿದಿರುತ್ತದೆ, ಜನರ ನಡವಳಿಕೆಯೂ ಹಿಡಿದಿರುತ್ತದೆ. ಕೆ.ಜಿ.ಎಫ್.ನಲ್ಲಿ ಇದು ಬೇರೆಲ್ಲಿಗಿಂತ ನಿಚ್ಚಳವಾಗಿ ಕಾಣುತ್ತದೆ. ಅಲ್ಲಿ ವಸ್ತುಗಳಿಗೆ ರೂಪ ಕೊಟ್ಟದ್ದು ಮುಖ್ಯವಾಗಿ ಎರಡು ಸಂಗತಿಗಳು: ಒಂದು, ಆಳದ ಬಂಡೆಯ ಸ್ವಭಾವ, ಇನ್ನೊಂದು, ಕೂಲಿಯವನು ಹೇಗೆ ನಡೆದುಕೊಂಡಾನು ಎಂಬ ಕಂಪನಿಯ ಊಹೆ. ಬಂಡೆಯ ಸ್ವಭಾವವನ್ನು ಕಂಪನಿ ಪೆಟ್ಟು ತಿಂದು ತಿಂದು ಕಲಿಯಿತು. ಮನುಷ್ಯನ ಪಾಠವನ್ನು ಅದು ಅಷ್ಟು ಶ್ರದ್ಧೆಯಿಂದ ಕಲಿತಂತೆ ಕಾಣುವುದಿಲ್ಲ.

ಕಂಪನಿಗಳು ಬರುವುದಕ್ಕೆ ಬಹಳ ಮೊದಲೇ ಇಲ್ಲಿ ಚಿನ್ನ ತೆಗೆಯುತ್ತಿದ್ದರು. 1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್, ಮಾರಿಕುಪ್ಪಂ ಸುತ್ತಿನ ಜನ ಮಣ್ಣು ತೊಳೆದು ಚಿನ್ನದ ಕಣ ಹೆಕ್ಕುವುದನ್ನೂ ಗುಂಡಿಗಳಲ್ಲಿ ಇಳಿದು ಕಲ್ಲು ತೆಗೆಯುವುದನ್ನೂ ಕಂಡು ಬರೆದಿಟ್ಟಿದ್ದಾನೆ. ಅವನು ನೋಡಿದ ಗುಂಡಿಗಳ ಆಳ ಮೂವತ್ತರಿಂದ ನಲವತ್ತೈದು ಅಡಿ. ಒಳಗೆ ಅಲ್ಲಲ್ಲಿ ನಿಂತ ಗಂಡಸರು ಕಲ್ಲು ತುಂಬಿದ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಾ ಮೇಲಕ್ಕೆ ತರುತ್ತಿದ್ದರು. ಮೇಲೆ ಹೆಂಗಸರು ದೊಡ್ಡ ಬಂಡೆಯ ಮೇಲಿಟ್ಟು ಕುಟ್ಟಿ ಪುಡಿ ಮಾಡಿ, ನೀರಿನಲ್ಲಿ ತೊಳೆಯುತ್ತಿದ್ದರು. ಈ ಗುಂಡಿಯ ಅಳತೆಯನ್ನು ನಿರ್ಧರಿಸಿದ್ದು ಮನುಷ್ಯನ ಮೈ. ಒಬ್ಬನ ಚಾಚಿದ ಕೈಗೂ ಇನ್ನೊಬ್ಬನ ಚಾಚಿದ ಕೈಗೂ ನಡುವಿನ ಅಂತರವೇ ಅದರ ಅಳತೆಗೋಲು. ಮಳೆಗಾಲದಲ್ಲಿ ನೀರು ತುಂಬಿದರೆ ಕೆಲಸ ನಿಲ್ಲಬೇಕು; ಅಷ್ಟು ಹೊತ್ತಿಗೆ ಹೊಲದ ಕೆಲಸ ಶುರುವಾಗಿರುತ್ತದೆ. ಗಣಿಗೂ ಬೇಸಾಯಕ್ಕೂ ಜಗಳವಿರಲಿಲ್ಲ.

ಆಳಕ್ಕೆ ಇಳಿಯಬೇಕೆಂದಾಗ ಈ ಅಳತೆ ಸಾಲದಾಯಿತು. 1870ರ ದಶಕದಲ್ಲಿ ಐರಿಷ್ ಮೂಲದ ಮಾಜಿ ಸೈನಿಕ ಎಂ.ಎಫ್. ಲವೆಲ್ ಮೈಸೂರಿನಿಂದ ಪರವಾನಗಿ ಪಡೆದ. ಅವನ ಕೈಯಿಂದ ಹಕ್ಕು ಬೇರೆಯವರಿಗೆ ದಾಟಿ, 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಉಸ್ತುವಾರಿ ಬಂತು. ಹಣ ಮುಗಿಯುವ ಹೊತ್ತಿಗೆ ಹಳಬರು ತೋಡಿ ಬಿಟ್ಟಿದ್ದ ಗುಂಡಿಗಳ ಕೆಳಗೇ ಚಾಂಪಿಯನ್ ಎಳೆ ಸಿಕ್ಕಿತು. ಬಿಳಿಯ ಗಣಿ ತಜ್ಞರಿಗೆ ದಾರಿ ತೋರಿಸಿದ್ದು ಹೆಸರಿಲ್ಲದ ಹಳೆಯ ಗುಂಡಿಗಳೇ ಎಂಬುದನ್ನು ಕೆ.ಜಿ.ಎಫ್.ನ ಕಥೆ ಹೇಳುವವರು ಅಷ್ಟಾಗಿ ನೆನೆಯುವುದಿಲ್ಲ.

ಗಣಿಗಿಂತ ಮೊದಲೇ ಹುಟ್ಟಿದ್ದು ಬಂಗಾರಪೇಟೆ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ 1864ರಲ್ಲಿ ರೈಲು ಬಂದಾಗ ದಾರಿಯಲ್ಲಿ ನಿಲ್ದಾಣ, ಅದರ ಪಕ್ಕದಲ್ಲಿ ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲ್ಯೂಯಿನ್ ಬೌರಿಂಗನ ಹೆಸರಿನಲ್ಲಿ ಅದು ಬೌರಿಂಗ್‌ಪೇಟೆಯಾಯಿತು. ಹತ್ತು ಮೈಲಿ ಆಚೆ ಬಂಗಾರ ಸಿಕ್ಕತೊಡಗಿದ ಮೇಲೆ ಜನರ ನಾಲಿಗೆ ಬೌರಿಂಗನನ್ನು ಬಂಗಾರವಾಗಿಸಿತು. ಸುತ್ತಲಿನ ಪರಿಸರ ಹೆಸರಿಗೂ ಹೊಸ ರೂಪ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡ ನಾಡಿನಲ್ಲಿ ಸಿಗುವುದು ಕಷ್ಟ. ಈಗ ಆ ಹೆಸರು ತಿಳಿನೀರಿನ ಪಾನಿಪೂರಿಯ ಜೊತೆ ಊರೂರಿನ ತಳ್ಳುಗಾಡಿಗಳ ಮೇಲೆ ತಿರುಗುತ್ತಿದೆ. ಬೌರಿಂಗ್ ಸಾಹೇಬ ಕೇಳಿದ್ದರೆ ಏನೆನ್ನುತ್ತಿದ್ದನೋ!

ಈ ಜಂಕ್ಷನ್ನಿನಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಗಣಿಗೆ ಹೋಗುವ ಕವಲುದಾರಿಯನ್ನು ಮುಖ್ಯ ಮಾರ್ಗದಷ್ಟೇ ಅಗಲವಾಗಿ, ಬ್ರಾಡ್‌ಗೇಜಿನಲ್ಲಿ ಹಾಕಿದರು. ಮದರಾಸಿನ ಬಂದರಿನಲ್ಲಿ ಇಳಿದ ಯಂತ್ರದ ಬಿಡಿಭಾಗಗಳು ಗಾಡಿ ಬದಲಿಸದೆ ಗಣಿಯ ಬಾಯಿಗೆ ಬರಬೇಕಲ್ಲ. ಜಿಲ್ಲೆಯ ಮುಖ್ಯ ಪಟ್ಟಣವಾದ ಕೋಲಾರಕ್ಕೆ ಇದೇ ಜಂಕ್ಷನ್ನಿನಿಂದ ರೈಲು ಹೊರಟದ್ದು 1913ರಲ್ಲಿ. ಅದೂ ಎರಡೂವರೆ ಅಡಿಯ ಪುಟ್ಟ ಹಳಿಗಳ ಮೇಲೆ. ಚಿನ್ನಕ್ಕೆ ಒಂದು ಅಗಲ, ರಾಗಿ ಹುಣಸೆಗೆ ಇನ್ನೊಂದು ಅಗಲ! ಎರಡು ಅಳತೆಯ ಹಳಿಗಳು ಕೂಡಿದಲ್ಲಿ ಸಾಮಾನನ್ನು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಲೇಬೇಕು. ಅದಕ್ಕೆ ಹಮಾಲರು ಬೇಕು, ಉಗ್ರಾಣ ಬೇಕು, ಕಾಯುವವರಿಗೆ ಹೋಟೆಲು ಬೇಕು. ಜಂಕ್ಷನ್ ಊರಿನ ವ್ಯಾಪಾರ ಬೆಳೆಯುವುದು ಇಂಥ ಬಿಡುವುಗಳಲ್ಲಿ.

ಗಣಿಗೆ ಬರೋಣ. ಜನಗಣತಿಯ ಪ್ರಕಾರ 1891ರಲ್ಲಿ ಗಣಿ ಪ್ರದೇಶದ ಜನಸಂಖ್ಯೆ ಸುಮಾರು 7 ಸಾವಿರ. 1901ಕ್ಕೆ 38 ಸಾವಿರ. ಹತ್ತೇ ವರ್ಷದಲ್ಲಿ ಐದು ಪಟ್ಟಿಗಿಂತ ಹೆಚ್ಚು. ಬಂದವರಲ್ಲಿ ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಕಡೆಯ ತಮಿಳು ಮತ್ತು ತೆಲುಗು ಮಾತನಾಡುವ ಜನ. ಅವರಲ್ಲೂ ಹೆಚ್ಚಿನವರು ದಲಿತರು. ಊರಿನಲ್ಲಿ ಭೂಮಿಯಿಲ್ಲ, ಮೇಲ್ಜಾತಿಯ ಬೀದಿಯಲ್ಲಿ ನಡೆಯುವ ಹಕ್ಕಿಲ್ಲ. ಗಣಿಯಲ್ಲಿ ಅಪಾಯವಿದ್ದರೂ ಕೈಗೆ ಕಾಸು ಸಿಗುತ್ತಿತ್ತು. ಇವರನ್ನೆಲ್ಲ ಎಲ್ಲಿ ಇಡುವುದು?

ಕಂಪನಿ ಒಂದು ಊಹೆ ಮಾಡಿತು: ಈ ಜನ ನಿಲ್ಲುವವರಲ್ಲ, ಸುಗ್ಗಿಗೆ ಊರಿಗೆ ಹೋಗುತ್ತಾರೆ, ಹಬ್ಬಕ್ಕೆ ಹೋಗುತ್ತಾರೆ, ಹೋದವರು ಬರುತ್ತಾರೆಂಬ ಖಾತ್ರಿಯಿಲ್ಲ. ಹಾಗಾಗಿ ನಿಲ್ಲುವ ಮನೆ ಬೇಕಿಲ್ಲ. ಬಿದಿರಿನ ತಟ್ಟಿಯ ಗೋಡೆ, ಮೇಲೆ ಹುಲ್ಲು ಅಥವಾ ತಗಡು, ಕಿಟಕಿ ಇಲ್ಲದ ಒಂದೇ ಕೋಣೆ. ಹೀಗೆ ಸಾಲಾಗಿ ಒಂದಕ್ಕೊಂದು ಅಂಟಿಸಿದ ಗುಡಿಸಲುಗಳೇ ‘ಕೂಲಿ ಲೈನ್’. ತಟ್ಟಿ ಅಗ್ಗ. ಪ್ಲೇಗು ಬಂದರೆ ಕಿತ್ತುಹಾಕಬಹುದು. ನಾಳೆ ಆ ಜಾಗದಲ್ಲೇ ಶಾಫ್ಟ್ ತೋಡಬೇಕಾಗಿ ಬಂದರೆ ಲೈನನ್ನೇ ಎತ್ತಿ ಬೇರೆಡೆಗೆ ಇಡಬಹುದು. ಇದಕ್ಕೆ ಎದುರಾಗಿ, ಗಾಳಿ ಬೀಸುವ ದಿಣ್ಣೆಗಳ ಮೇಲೆ ಐರೋಪ್ಯ ಅಧಿಕಾರಿಗಳ ಬಂಗಲೆಗಳು: ದಪ್ಪ ಗೋಡೆ, ಎತ್ತರದ ಛಾವಣಿ, ಸುತ್ತ ವರಾಂಡ, ಗುಲಾಬಿಯ ತೋಟ. ಜೊತೆಗೆ ಕ್ಲಬ್ಬು, ಗಾಲ್ಫ್ ಮೈದಾನ, ಇಗರ್ಜಿ. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಿಂದ ಬಂದವರಿಗೆ ಊರಿನ ನೆನಪು ಕಾಡದಿರಲೆಂದು ಊರನ್ನೇ ಇಲ್ಲಿಗೆ ತಂದಂತಿತ್ತು. ‘ಪುಟ್ಟ ಇಂಗ್ಲೆಂಡ್’ ಎಂದು ಕೆ.ಜಿ.ಎಫ್.ಅನ್ನು ಹೊಗಳುವ ಬರಹಗಳಿಗೆ ಲೆಕ್ಕವಿಲ್ಲ. ಆ ಹೊಗಳಿಕೆಯನ್ನು ಓದುವಾಗ, ಅದು ದಿಣ್ಣೆಯ ಮೇಲೆ ಕುಳಿತು ಬರೆದದ್ದು ಎಂದು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇಬ್ಬರೂ ಬೇರೆ ಊರಿನವರೇ, ಇಬ್ಬರೂ ಒಂದು ದಿನ ಮರಳಿ ಹೋಗುವವರೇ. ಸಾಹೇಬನ ಮನೆಯನ್ನು ಅವನ ಊರಿನ ನೆನಪಿಗೆ ತಕ್ಕಂತೆ ಕಟ್ಟಿದರು. ಕೂಲಿಯವನ ಗುಡಿಸಲನ್ನು ಅವನು ಹೊರಟುಹೋಗುತ್ತಾನೆಂಬ ನಂಬಿಕೆಗೆ ತಕ್ಕಂತೆ ಕಟ್ಟಿದರು. ನಡೆದದ್ದು ತಿರುಗುಮುರುಗು. ಸಾಹೇಬರು ಹೋದರು. ಕೂಲಿಯವರ ಮರಿಮಕ್ಕಳು ಇಂದಿಗೂ ಅಲ್ಲೇ ಇದ್ದಾರೆ.

ಹೊರಗಿನ ಒಂದು ಹೋಲಿಕೆ ಇಲ್ಲಿ ಉಪಯುಕ್ತ. ಇದೇ ಕಾಲದಲ್ಲಿ ದಕ್ಷಿಣ ಆಫ್ರಿಕದ ಕಿಂಬರ್ಲಿಯ ವಜ್ರದ ಗಣಿಗಳಲ್ಲಿ ಕರಿಯ ಕೆಲಸಗಾರರನ್ನು ಮುಚ್ಚಿದ ಆವರಣಗಳಲ್ಲಿ ಇಡುತ್ತಿದ್ದರು. ಗುತ್ತಿಗೆಯ ಅವಧಿ ಮುಗಿಯುವವರೆಗೆ ಹೊರಗೆ ಬಿಡುತ್ತಿರಲಿಲ್ಲ. ವಜ್ರವನ್ನು ಆಚೆಗೆ ಎಸೆಯದಂತೆ ಆವರಣದ ಮೇಲೆ ತಂತಿಯ ಬಲೆಯನ್ನೂ ಹೊದಿಸಿದ್ದುಂಟು. ಕಳ್ಳತನದ ಭಯವೇ ಅಲ್ಲಿ ವಾಸ್ತುಶಿಲ್ಪಿ. ಕೋಲಾರದಲ್ಲಿ ಭಯವೇನೂ ಕಡಿಮೆ ಇರಲಿಲ್ಲ, ಆದರೆ ಅಂಥ ಆವರಣ ಏಳಲಿಲ್ಲ. ಇಲ್ಲಿಗೆ ಬಂದವರು ಒಂಟಿ ಗಂಡಸರಾಗಿ ಉಳಿಯಲಿಲ್ಲ, ಹೆಂಡತಿ ಮಕ್ಕಳನ್ನು ಕರೆತಂದರು. ಹೆಂಗಸರೂ ಮಕ್ಕಳೂ ಗಣಿಯ ಮೇಲ್ಭಾಗದ ಕೆಲಸಗಳಿಗೆ ಹೋಗುತ್ತಿದ್ದರು. ಮೇಸ್ತ್ರಿಯ ಮೂಲಕ ಒಂದೇ ಊರಿನವರು, ನೆಂಟರಿಷ್ಟರು ಒಟ್ಟಿಗೆ ಬಂದು ಒಟ್ಟಿಗೆ ನೆಲೆಸಿದರು. ಒಂದು ಇಡೀ ಸಂಸಾರಕ್ಕೆ ಬೀಗ ಹಾಕುವುದು ಸುಲಭವಲ್ಲ. ಜನರ ನಡವಳಿಕೆ ಒಂದು ಕೆಟ್ಟ ವಿನ್ಯಾಸವನ್ನು ಹುಟ್ಟುವ ಮುನ್ನವೇ ತಡೆಯಿತು ಎಂದು ನನ್ನ ಅಭಿಪ್ರಾಯ.

ಸಂಸಾರ ಬಂದ ಮೇಲೆ ಲೈನು ಬರೀ ಮಲಗುವ ಜಾಗವಾಗಿ ಉಳಿಯುವುದು ಸಾಧ್ಯವಿರಲಿಲ್ಲ. ಗಣಿಯಲ್ಲಿ ಪಾಳಿಯ ಕೆಲಸ. ರಾತ್ರಿಪಾಳಿ ಮುಗಿಸಿ ಬಂದವನು ಹಗಲು ಹೊತ್ತು ಮಲಗಬೇಕು. ಇರುವುದು ಒಂದೇ ಕೋಣೆ. ಹಾಗಾದರೆ ಉಳಿದವರೆಲ್ಲ ಎಲ್ಲಿರಬೇಕು? ಹೊರಗೆ. ಎರಡು ಸಾಲುಗಳ ನಡುವಿನ ಓಣಿಯೇ ಅಡುಗೆಮನೆ, ಅದೇ ಪಡಸಾಲೆ, ಅದೇ ಮಕ್ಕಳ ಆಟದ ಬಯಲು. ನಕ್ಷೆ ಬರೆದವನ ಲೆಕ್ಕದಲ್ಲಿ ಅದು ಖಾಲಿ ಜಾಗ. ಅವನು ಬರೆದ ಕೋಣೆ ರಾತ್ರಿಗೆ ಸಾಕಾದರೆ, ಅವನು ಬರೆಯದ ಓಣಿಯಲ್ಲಿ ಹಗಲೆಲ್ಲ ಬದುಕು ನಡೆಯುತ್ತಿತ್ತು. ಗಣಿಯ ಸೈರನ್ನಿಗೆ ತಮಿಳಿನಲ್ಲಿ ‘ಸಂಗು’ ಎನ್ನುತ್ತಾರೆ, ಅಂದರೆ ಶಂಖ. ಮನೆಯಲ್ಲಿ ಗಡಿಯಾರವಿಲ್ಲದಿದ್ದರೂ ಸಂಗಿನ ಕೂಗಿಗೆ ಒಲೆ ಹತ್ತುತ್ತಿತ್ತು, ಬುತ್ತಿ ಕಟ್ಟುತ್ತಿದ್ದರು. ಅದು ಪಾಳಿ ಬದಲಾಗದ ಹೊತ್ತಿನಲ್ಲಿ ಕೂಗಿದರೆ ಓಣಿಯ ಹೆಂಗಸರೆಲ್ಲ ಶಾಫ್ಟಿನ ಕಡೆಗೆ ಓಡುತ್ತಿದ್ದರು.

ಕಳ್ಳತನದ ಶಂಕೆ ಬೇರೆ ರೂಪಗಳನ್ನು ತಾಳಿತು. ಚಿನ್ನ ಅರೆಯುವ ಗಿರಣಿಗಳ ಸುತ್ತ ಬೇಲಿ, ಒಳಗೆ ಬೀಗ ಹಾಕಿದ ಪೆಟ್ಟಿಗೆಗಳು, ಮೇಲೆ ಬಂದವರ ಮೈ ತಡಕುವ ಬಾಗಿಲುಗಳು. 1930ರಲ್ಲಿ ಕಂಪನಿ ಪ್ರತಿ ಕೆಲಸಗಾರನ ಹೆಬ್ಬೆಟ್ಟಿನ ಗುರುತು ಪಡೆದು ನೋಂದಾಯಿಸಲು ಹೊರಟಿತು. ಗಣಿಯೆಲ್ಲ ಸ್ತಬ್ಧವಾಯಿತು. ಮುಷ್ಕರ ಸುಮಾರು ಮೂರು ವಾರ ನಡೆಯಿತು. ಮೈಸೂರು ಸಂಸ್ಥಾನದ ಕಾರ್ಮಿಕರ ಚರಿತ್ರೆ ಬರೆದ ಜಾನಕಿ ನಾಯರ್ ಅವರ ಅಧ್ಯಯನದಲ್ಲಿ ಈ ಮುಷ್ಕರಕ್ಕೆ ದೊಡ್ಡ ಸ್ಥಾನವಿದೆ. ಕೂಲಿ ಹೆಚ್ಚಿಸಿ ಎಂದಲ್ಲ, ನಮ್ಮನ್ನು ಅಪರಾಧಿಗಳ ಹಾಗೆ ಗುರುತು ಹಾಕಬೇಡಿ ಎಂದು ಸಾವಿರಾರು ಜನ ಕೆಲಸ ಬಿಟ್ಟು ಕುಳಿತ ಸಂದರ್ಭಗಳು ನಮ್ಮ ದೇಶದಲ್ಲಿ ಎಷ್ಟಿರಬಹುದು?

ಇನ್ನು ಭೂಮಿಯ ಪಾಠ. ಚಾಂಪಿಯನ್ ರೀಫ್ ಗಣಿ ಕೊನೆಕೊನೆಗೆ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಹೋಯಿತು. ಒಂದು ಕಾಲಕ್ಕೆ ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದು. ಅಷ್ಟು ಆಳಕ್ಕೆ ಒಂದೇ ಹಗ್ಗದಲ್ಲಿ ಕೇಜನ್ನು ಇಳಿಬಿಡುವುದು ಕಷ್ಟ. ಉಕ್ಕಿನ ಹಗ್ಗ ಉದ್ದವಾದಷ್ಟೂ ತನ್ನ ಭಾರವನ್ನೇ ತಾನು ಹೊರಲಾರದು. ಆದ್ದರಿಂದ ಒಂದು ಶಾಫ್ಟಿನಲ್ಲಿ ಇಳಿದು, ಸುರಂಗದಲ್ಲಿ ನಡೆದು, ನೆಲದೊಳಗೇ ಬಾಯ್ದೆರೆದ ಇನ್ನೊಂದು ಶಾಫ್ಟಿನಲ್ಲಿ ಮತ್ತೆ ಇಳಿಯಬೇಕು. ಕೆಲಸದ ಜಾಗ ಮುಟ್ಟುವುದೇ ಒಂದು ಪ್ರಯಾಣ.

ಆಳದ ಬಂಡೆ ಸುಮ್ಮನಿರುವುದಿಲ್ಲ. ಮೇಲಿನ ಸಾವಿರಾರು ಅಡಿ ಕಲ್ಲಿನ ಭಾರ ಅದರ ಮೇಲೆ ಕುಳಿತಿರುತ್ತದೆ. ಅದಿರು ತೆಗೆದು ಪೊಳ್ಳು ಮಾಡಿದಾಗ ಅಂಚಿನ ಬಂಡೆ ಒತ್ತಡ ತಾಳಲಾರದೆ ಬಾಂಬಿನಂತೆ ಸಿಡಿಯುತ್ತದೆ. ಗಣಿಯವರು ಇದನ್ನು ‘ಏರ್‌ಬ್ಲಾಸ್ಟ್’ ಎಂದು ಕರೆದರು. ಊರಿಗಾಂ ಗಣಿಯಲ್ಲಿ 1898ರಷ್ಟು ಹಿಂದೆಯೇ, ಕೇವಲ ಸಾವಿರ ಅಡಿಯ ಆಸುಪಾಸಿನ ಆಳದಲ್ಲಿ ಇಂಥ ಸಿಡಿತ ದಾಖಲಾಗಿದೆ. ಜಗತ್ತಿನ ಗಣಿ ಚರಿತ್ರೆಯಲ್ಲೇ ಅತಿ ಹಳೆಯ ದಾಖಲೆಗಳಲ್ಲಿ ಇದೊಂದು. ದೊಡ್ಡ ಸಿಡಿತಗಳಾದಾಗ ಮೇಲಿನ ಊರೂ ನಡುಗುತ್ತಿತ್ತು, ಕಟ್ಟಡಗಳ ಗೋಡೆಗಳು ಬಿರುಕು ಬಿಡುತ್ತಿದ್ದವು.

ಮೊದಮೊದಲು ಪೊಳ್ಳಿಗೆ ಆಸರೆಯಾಗಿ ಮರದ ದಿಮ್ಮಿಗಳನ್ನು ಕೊಡುತ್ತಿದ್ದರು. ಕಾರ್ನ್‌ವಾಲಿನವರಿಗೆ ರೂಢಿಯಿದ್ದ ಕ್ರಮ ಅದೇ. ಆದರೆ ಮರ ಭಾರ ಬಿದ್ದಾಗ ಅಮುಕಿಕೊಳ್ಳುತ್ತದೆ; ಅಮುಕಿದಷ್ಟೂ ಬಂಡೆಗೆ ಸರಿಯಲು ಎಡೆ. ಆಳದ ಬಿಸಿಯಲ್ಲಿ, ತೇವದಲ್ಲಿ ಬೇಗ ಕೊಳೆಯುತ್ತದೆ, ಬೆಂಕಿಯ ಭಯ ಬೇರೆ. ಕ್ರಮೇಣ ಇಲ್ಲಿನವರು ಮರವನ್ನು ಬಿಟ್ಟು ಗ್ರಾನೈಟ್ ಕಲ್ಲಿಗೆ ಬಂದರು. ಕಡಿದ ಕಲ್ಲುಗಳನ್ನು ನೆಲದಾಳದಲ್ಲಿ ಗೋಡೆಯಂತೆ, ಕಂಬದಂತೆ ಒತ್ತಾಗಿ ಕಟ್ಟುತ್ತಾ ಹೋದರು. ಕೋಲಾರ ಜಿಲ್ಲೆಯಲ್ಲಿ ಹೊಲದ ಬದುವಿಗೂ ಮನೆಯ ಛಾವಣಿಗೂ ಕಲ್ಲೇ. ಕಲ್ಲು ಸೀಳುವ, ಕಲ್ಲು ಜೋಡಿಸುವ ವಿದ್ಯೆ ನೆಲದ ಮೇಲೆ ಎಲ್ಲರಿಗೂ ಗೊತ್ತಿತ್ತು. ಅದೇ ವಿದ್ಯೆ ಸಾವಿರಾರು ಅಡಿ ಕೆಳಗಿಳಿದು ಜೀವ ಉಳಿಸಿತು. ಕೆ.ಜಿ.ಎಫ್.ನ ಅತ್ಯುತ್ತಮ ಕಟ್ಟಡ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಬಂಗಲೆಗಳನ್ನೂ ಕ್ಲಬ್ಬನ್ನೂ ಬಿಟ್ಟು, ಈಗ ನೀರಿನಲ್ಲಿ ಮುಳುಗಿ ಯಾರ ಕಣ್ಣಿಗೂ ಬೀಳದ ಆ ಕಲ್ಲಿನ ಗೋಡೆಗಳನ್ನೇ ಹೇಳಿಯೇನು.

ಬಿಸಿಯ ಮತ್ತು ಧೂಳಿನ ಕಥೆ ಇನ್ನೂ ಜಟಿಲ. ಅತಿ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಬೆಣಚುಕಲ್ಲನ್ನು ಒಣದಾಗಿ ಕೊರೆದರೆ ಏಳುವ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ಕುಳಿತು ಸಿಲಿಕೋಸಿಸ್ ತರುತ್ತದೆ. 1940ರಿಂದ 1946ರವರೆಗೆ ಇಲ್ಲಿ 7,653 ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡುಬಂತು. ಪರಿಹಾರ ಸರಳವೆನಿಸುತ್ತದೆ: ಕೊರೆಯುವ ಸಲಾಕೆಯ ನಡುವೆ ತೂತು ಮಾಡಿ ನೀರು ಹರಿಸಿ, ಧೂಳು ಅಡಗುತ್ತದೆ. ಆದರೆ ಬಿಸಿ ಬಂಡೆಯ ಮೇಲೆ ಬಿದ್ದ ನೀರು ಆವಿಯಾಗಿ ಗಾಳಿಯನ್ನು ತೇವ ಮಾಡುತ್ತದೆ. ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ. ಮನುಷ್ಯ ಕುಸಿದು ಬೀಳುತ್ತಾನೆ. ಶ್ವಾಸಕೋಶ ಉಳಿಸಲು ಮಾಡಿದ ಉಪಾಯ ಮೈಯನ್ನು ಬೇಯಿಸುತ್ತದೆ! ಆದ್ದರಿಂದ ದೈತ್ಯ ಫ್ಯಾನುಗಳು, ಗಾಳಿ ತಂಪು ಮಾಡುವ ಸ್ಥಾವರ, ಗಾಳಿಯ ಹರಿವಿಗೆ ಅನುಕೂಲವಾಗುವಂತೆ ಸುತ್ತ ಗೋಡೆ ಕಟ್ಟಿದ ದುಂಡು ಶಾಫ್ಟುಗಳು ಬಂದವು. ಗಣಿಯ ವಿನ್ಯಾಸವೆಂದರೆ ಕೊನೆಗೆ ಮನುಷ್ಯನ ಮೈಯಿಂದ ಬೆವರು ಆರುವ ಲೆಕ್ಕಾಚಾರಕ್ಕೆ ಬಂದು ನಿಂತಿತು.

ಇಷ್ಟೆಲ್ಲ ಯಂತ್ರಗಳಿಗೆ ಶಕ್ತಿ ಎಲ್ಲಿಂದ? ಸುತ್ತಿನ ಕಾಡಿನ ಸೌದೆ, ದೂರದ ಕಲ್ಲಿದ್ದಲು ಎರಡೂ ದುಬಾರಿಯಾದವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಯೋಜನೆಯಿಂದ 147 ಕಿಲೋಮೀಟರು ದೂರದ ಗಣಿಗೆ 1902ರ ಜೂನ್ 30ರಂದು ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿದದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಬೇತಮಂಗಲದ ಕೆರೆಯ ನೀರೂ ಕೊಳವೆಗಳಲ್ಲಿ ಗಣಿಗೆ ಬಂತು. ರೈಲು, ವಿದ್ಯುತ್ತು, ನೀರು ಮೂರೂ ಇಲ್ಲಿಗೆ ಮೊದಲು ಬಂದದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಬಂದದ್ದು ಗಣಿಗೆ; ಊರಿಗೆ ಸಿಕ್ಕಿದ್ದು ಅದರ ಮಿಕ್ಕ ಪಾಲು.

ಕಂಪನಿಯ ಜಮೀನಿನ ಆಚೆಗೆ ಅಂಗಡಿ ಮುಂಗಟ್ಟಿನವರಿಗೆ ಜಾಗ ಬೇಕಾದಾಗ 20ನೇ ಶತಮಾನದ ಆರಂಭದಲ್ಲಿ ರಾಬರ್ಟ್‌ಸನ್‌ಪೇಟೆ ಹುಟ್ಟಿತು. ಮೈಸೂರಿನ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ನನ ಹೆಸರಿನ ಊರು. ಪ್ಲೇಗಿನ ಹೆದರಿಕೆ ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಂಗಳೂರಿನ ಹೊಸ ಬಡಾವಣೆಗಳಂತೆಯೇ ಇಲ್ಲೂ ನೇರ ಬೀದಿಗಳು, ಗಾಳಿ ಬೆಳಕು ಆಡುವ ಅಡ್ಡರಸ್ತೆಗಳು. ಲೈನುಗಳಲ್ಲಿ ಸಂಬಳದ ದಿನ ಬಂತೆಂದರೆ ಈ ಬೀದಿಗಳು ತುಂಬಿ ತುಳುಕುತ್ತಿದ್ದವು.

ಆಳದ ಪರಿಸರ ಇನ್ನೊಂದು ಅನಿರೀಕ್ಷಿತ ಕೆಲಸಕ್ಕೂ ಒದಗಿತು. ಆಕಾಶದಿಂದ ಸುರಿಯುವ ಕಾಸ್ಮಿಕ್ ಕಿರಣಗಳನ್ನು ದಪ್ಪ ಬಂಡೆ ತಡೆಯುತ್ತದೆ. ಬಂಡೆಯನ್ನೂ ತೂರಿ ಬರುವ ಕಣಗಳನ್ನು ಹಿಡಿಯಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ? ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1950ರ ದಶಕದ ಆರಂಭದಿಂದಲೇ ಇಲ್ಲಿ ಉಪಕರಣ ಹೊತ್ತು ಇಳಿಯತೊಡಗಿದರು. ಮೊದಲು ಇಳಿದವರಲ್ಲಿ ಮೈಸೂರು ಸೀಮೆಯ ಬಿ.ವಿ. ಶ್ರೀಕಂಠನ್ ಒಬ್ಬರು. 1965ರಲ್ಲಿ ಜಪಾನ್ ಮತ್ತು ಬ್ರಿಟನ್ನಿನ ಸಹೋದ್ಯೋಗಿಗಳ ಜೊತೆಗೂಡಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತನ್ನು ಚಾಂಪಿಯನ್ ರೀಫಿನ ಆಳದಲ್ಲಿ ಪತ್ತೆ ಮಾಡಿದರು. ಚಿನ್ನಕ್ಕಾಗಿ ತೋಡಿದ ಬಾವಿ ವಿಜ್ಞಾನಕ್ಕೆ ದುರ್ಬೀನಾಯಿತು.

ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೂ 1962ರಲ್ಲಿ ಕೇಂದ್ರದ ಕೈಗೂ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾಯಿತು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ನೂರಿಪ್ಪತ್ತು ವರ್ಷಗಳಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಹಿಂದೆ ಬಿಟ್ಟದ್ದು ಮೂರು ಕೋಟಿ ಟನ್ನಿಗೂ ಮಿಗಿಲಾದ ನುಣ್ಣನೆಯ ಬೂದು ಮರಳು. ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಬೇಕಾದರೆ ಅದಿರನ್ನು ಹಿಟ್ಟಿನ ಹಾಗೆ ಅರೆಯಬೇಕು. ಅರೆದು ಬಿಸಾಡಿದ ಆ ಹಿಟ್ಟೇ ಊರಿನ ನಡುನಡುವೆ ‘ಸೈನೈಡ್ ಗುಡ್ಡ’ಗಳಾಗಿ ನಿಂತಿದೆ. ಗಾಳಿಯ ತಿಂಗಳುಗಳಲ್ಲಿ ಆ ಧೂಳು ಲೈನುಗಳ ಅಡುಗೆಯ ಪಾತ್ರೆಗೂ ಬೀಳುತ್ತದೆ. ಸಿನಿಮಾದವರು ಈ ಗುಡ್ಡಗಳ ಮೇಲೆ ಸೆಟ್ ಹಾಕಿ ಚಿತ್ರೀಕರಿಸಿದ ಕೆ.ಜಿ.ಎಫ್. 2018ರಲ್ಲಿ ದೇಶವೆಲ್ಲ ಓಡಿತು. ಆ ಸೆಟ್ಟಿನಲ್ಲಿ ಮತ್ತೆಲ್ಲ ಇತ್ತು, ಓಣಿ ಮಾತ್ರ ಇರಲಿಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 1,003 ಎಕರೆಯಲ್ಲಿ ಹರಡಿರುವ ಇಂಥ 13 ಗುಡ್ಡಗಳಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು.

ಗಣಿ ಮುಚ್ಚಿದ ಮೇಲೆ ಊರು ಖಾಲಿಯಾಗುತ್ತದೆಂದು ಎಣಿಸಿದವರಿದ್ದರು. ಗಣಿ ಊರುಗಳ ಚರಿತ್ರೆಯಲ್ಲಿ ಹಾಗಾದದ್ದೇ ಹೆಚ್ಚು. ಇಲ್ಲಿ ಜನ ಊರು ಬಿಡಲಿಲ್ಲ, ರೈಲು ಹತ್ತಿದರು. ಯಂತ್ರ ತರಲೆಂದು 1894ರಲ್ಲಿ ಹಾಕಿದ ಹಳಿಗಳ ಮೇಲೆ ಬೆಳಗಿನ ಜಾವ ಸಾವಿರಾರು ಮಂದಿ ಬೆಂಗಳೂರಿನ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ಮರಳುತ್ತಾರೆ. ಅಜ್ಜನ ಪಾಳಿಯನ್ನು ಸಂಗು ಹೇಳುತ್ತಿತ್ತು, ಮೊಮ್ಮಗಳ ಪಾಳಿಯನ್ನು ರೈಲಿನ ವೇಳಾಪಟ್ಟಿ ಹೇಳುತ್ತದೆ. ಬಂಗಾರಪೇಟೆ ಜಂಕ್ಷನ್ ಈಗ ಸಾಮಾನಿಗಿಂತ ಮನುಷ್ಯರನ್ನೇ ಹೆಚ್ಚಾಗಿ ಹತ್ತಿಸಿ ಇಳಿಸುತ್ತದೆ.

ಲೈನುಗಳಲ್ಲಿ ನಡೆದು ನೋಡಿದರೆ ಮೂಲದ ಒಂದು ಕೋಣೆಯನ್ನು ಗುರುತಿಸುವುದೇ ಕಷ್ಟ. ತಟ್ಟಿಯ ಜಾಗದಲ್ಲಿ ಎಂದೋ ಇಟ್ಟಿಗೆ ಬಂದಿದೆ. ಮುಂದಕ್ಕೆ ಒಂದು ತಗಡಿನ ಚಾಚು, ಅದರ ಕೆಳಗೆ ಜಗಲಿ, ಜಗಲಿಯ ತುದಿಗೆ ಅಡುಗೆಯ ಗೂಡು, ಬಾಗಿಲ ಪಕ್ಕ ಒಂದು ತುಳಸಿಯೋ ಶಿಲುಬೆಯೋ ಅಂಬೇಡ್ಕರ್ ಚಿತ್ರವೋ. ಒಂದು ಮನೆ ಹಸಿರು, ಅದಕ್ಕಂಟಿದ ಮನೆ ನೀಲಿ. ನಕ್ಷೆಯಲ್ಲಿ ಎಲ್ಲ ಮನೆಗಳೂ ಒಂದೇ; ಬಣ್ಣದಲ್ಲಿ, ಚಾಚಿನ ಉದ್ದದಲ್ಲಿ ಪ್ರತಿ ಮನೆಯೂ ಬೇರೆ. ನಾಲ್ಕು ತಲೆಮಾರು ಸೇರಿ ಓಣಿಯ ಕಡೆಗೆ ಅಡಿ ಅಡಿಯಾಗಿ ಮನೆಯನ್ನು ಬೆಳೆಸಿದ್ದಾರೆ. ಈ ಮನೆಗಳ ಹಕ್ಕಿನ ಪ್ರಶ್ನೆ ಗಣಿ ಮುಚ್ಚಿದಂದಿನಿಂದ ವರ್ಷಗಟ್ಟಲೆ ಎಳೆದಾಡಿದೆ. ಹಳೆಯ ಕಂಪನಿಯ ದಾಖಲೆಯಲ್ಲಿ ಇರುವುದು ಆ ಒಂದು ಕೋಣೆ ಮಾತ್ರ. ಜನ ಬದುಕಿದ್ದು, ಮಕ್ಕಳನ್ನು ಹೆತ್ತದ್ದು, ಗಣಿಯಿಂದ ತಂದ ಹೆಣಗಳನ್ನು ಮಲಗಿಸಿ ಅತ್ತದ್ದು ಅದರ ಹೊರಗೆ ಚಾಚಿಕೊಂಡ ಜಾಗದಲ್ಲಿ. ಅಳತೆಗೆ ಬರುವ ಸರ್ವೆಯವರು ಟೇಪನ್ನು ಯಾವ ಗೋಡೆಗೆ ಹಿಡಿಯಬೇಕು?